ಹನ್ನೊಂದು ಗಂಟೆಯ ಹಾಜರಿ

ಸೊಸೆ ನನಗೆ ವಹಿಸಿದ್ದು ಒಂದೇ ಕೆಲಸ: ಐದೈದು ನಿಮಿಷಕ್ಕೊಮ್ಮೆ ಅವಳ ಕಂಪ್ಯೂಟರಿನ ಮೌಸನ್ನು ಒಂದಿಷ್ಟು ಅಲ್ಲಾಡಿಸುವುದು. ಮೂವತ್ತೊಂದು ವರ್ಷ ಮೂರನೇ ತರಗತಿಗೆ ಪಾಠ ಹೇಳಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳಿಗೆ ಸಿಕ್ಕ ಹೊಸ ಹುದ್ದೆ ಇದು. ಆಗುವುದಿಲ್ಲ ಎನ್ನಬಹುದಿತ್ತು. ಆದರೆ ನನ್ನ ಸೊಸೆ ಯಾರ ಹತ್ತಿರವೂ ಏನನ್ನೂ ಕೇಳುವವಳಲ್ಲ. ಕೇಳಲೇಬೇಕಾದಾಗ ಮೊದಲು "ತಪ್ಪು ತಿಳ್ಕೋಬೇಡಿ" ಎನ್ನುತ್ತಾಳೆ, ಕೊನೆಗೆ "ಪರವಾಗಿಲ್ಲ ಬಿಡಿ" ಎನ್ನುತ್ತಾಳೆ, ನಡುವೆ ಇರಬೇಕಾದ್ದನ್ನು ನುಂಗಿಬಿಡುತ್ತಾಳೆ. ಅಂಥವಳು ಬಾಯಿ ಬಿಟ್ಟು ಕೇಳಿದ್ದರಿಂದ ಒಪ್ಪಿಕೊಂಡೆ.

ಅವಳ ಕಂಪನಿ ಪೆಟ್ಟಿಗೆಯಲ್ಲಿ ತುಂಡು ತುಂಡಾಗಿ ಬರುವ ಮಂಚ, ಕಪಾಟು, ಮೇಜು ಮಾರುತ್ತದೆ. ಕೊಂಡವರು ಮನೆಯಲ್ಲಿ ತಾವೇ ಜೋಡಿಸಿಕೊಳ್ಳಬೇಕು. 'ಕ ಹಲಗೆಯನ್ನು ಖ ಹಲಗೆಗೆ ತಾಗಿಸಿ, ಎರಡು ಸ್ಕ್ರೂ ಹಾಕಿ' ಎಂದು ಒಂದು ಹಾಳೆ ಜೊತೆಗೆ ಬರುತ್ತದಲ್ಲ, ಅದನ್ನು ಬರೆಯುವವಳು ನನ್ನ ಸೊಸೆ. ಅದಕ್ಕೆ ಚಿತ್ರ ಬರೆಯುವವನು ಒಂದೂರಲ್ಲಿ, ಅಳತೆ ನೋಡುವವಳು ಇನ್ನೊಂದೂರಲ್ಲಿ, ಹಾಳೆ ಓದಿಕೊಂಡು ಮೊದಲ ಸಲ ಜೋಡಿಸಿ ನೋಡುವವನು ಮತ್ತೊಂದೂರಿನ ಶೆಡ್ಡಿನಲ್ಲಿ, ಇವರಿಗೆಲ್ಲ ಮ್ಯಾನೇಜರು ಇನ್ನೆಲ್ಲೋ. ಆಫೀಸಿಗೆ ಕಟ್ಟಡವೇ ಇಲ್ಲ. ಎಲ್ಲರೂ ಸೇರುವುದು 'ಒಟ್ಟಿಗೆ' ಎಂಬ ಸಾಫ್ಟ್‌ವೇರಿನಲ್ಲಿ. ಅದರಲ್ಲಿ ಪ್ರತಿಯೊಬ್ಬರ ಹೆಸರಿನ ಪಕ್ಕ ಒಂದು ಚುಕ್ಕೆ. ಕೈ ಆಡುತ್ತಿದ್ದರೆ ಹಸಿರು. ಹತ್ತು ನಿಮಿಷ ಸುಮ್ಮನಿದ್ದರೆ ಹಳದಿ. ಯಾರು ಎಷ್ಟು ಗಂಟೆ ಹಸಿರಾಗಿದ್ದರು ಎಂಬ ಪಟ್ಟಿಯನ್ನು ಮ್ಯಾನೇಜರು ಪ್ರತಿ ಸೋಮವಾರ ಎಲ್ಲರಿಗೂ ಕಳಿಸುತ್ತಿದ್ದರು.

ಕೂತು ಕೂತು ಸೊಸೆಯ ಬಲಭುಜ ಹಿಡಿದುಕೊಂಡಿತ್ತು. ಆರು ವಾರ, ದಿನಾ ಹನ್ನೊಂದರಿಂದ ಹನ್ನೆರಡೂವರೆಯವರೆಗೆ ಫಿಸಿಯೋಥೆರಪಿಗೆ ಬರಬೇಕೆಂದರು ಡಾಕ್ಟರು. ಅದೇ ಆರು ವಾರದಲ್ಲಿ ತಂಡಕ್ಕೆ ಒಬ್ಬ ಮುಖ್ಯಸ್ಥರನ್ನು ಆರಿಸುವವರಿದ್ದರು. ಏಳು ವರ್ಷದಿಂದ ಅವಳು ಕಾದಿದ್ದ ಜಾಗ ಅದು. ಒಮ್ಮೆ ಅವಳಿಗಿಂತ ತಡವಾಗಿ ಬಂದು ಅವಳಿಗಿಂತ ಜೋರಾಗಿ ಮಾತಾಡಿದವನೊಬ್ಬನಿಗೆ ಸಿಕ್ಕಿತು. ಅವನು ಬಿಟ್ಟುಹೋದಾಗ ಇವಳಿಗೇ ಸಿಗಬೇಕಿತ್ತು. ಇವಳು ಕೇಳಲೇ ಇಲ್ಲ. ಈ ಸಲ ಕೇಳಿದ್ದಳು. ಈ ಹೊತ್ತಿನಲ್ಲಿ ಭುಜ ನೋವು, ರಜೆ ಎಂದರೆ ಕೈಗೆ ಬಂದದ್ದು ಬಾಯಿಗೆ ಬರುವುದಿಲ್ಲ ಎಂದು ಅವಳ ಭಯ. ಆದ್ದರಿಂದ ಚುಕ್ಕೆಯ ಕಾವಲಿಗೆ ನಾನು.

ಮೊದಲ ಮೂರು ದಿನ ಹೇಳಿದಷ್ಟೇ ಮಾಡಿದೆ. ನಾಲ್ಕನೆಯ ದಿನ ಕನ್ನಡಕ ಹಾಕಿಕೊಂಡೆ. ತಪ್ಪಾದದ್ದು ಅಲ್ಲಿಯೇ.

ಪರದೆಯ ಮೇಲೆ ಇವರ ಮಾತುಕತೆ ಸಾಲು ಸಾಲಾಗಿ ಕಾಣುತ್ತಿತ್ತು. ಒಂದು ಮಂಚದ ಹಾಳೆ ಎರಡು ವಾರದಿಂದ ಮುಗಿದಿರಲಿಲ್ಲ. ಚಿತ್ರದವನು ಮಂಚಕ್ಕೆ ನಾಲ್ಕು ಕಾಲು ಬರೆದಿದ್ದ. ನಡುವೆ ಐದನೆಯದೊಂದು ಬೇಕೆಂದು ಅಳತೆಯವಳು ಮೇಲ್ ಮಾಡಿದ್ದಳಂತೆ. ಅವನು ಮೇಲ್ ನೋಡಿರಲಿಲ್ಲ, ಫೋನಿನಲ್ಲಿ ಕಳಿಸಬೇಕಿತ್ತು ಎಂದ. ಜೋಡಿಸುವವನ ಪೆಟ್ಟಿಗೆಯಲ್ಲಿ ಮೂರು ಕಾಲು ಇದ್ದವು. ಮಂಚಕ್ಕೆ ಎಷ್ಟು ಕಾಲು ಎಂಬ ಬಗ್ಗೆ ಮೂರು ಜನ ಸಂಬಳ ತೆಗೆದುಕೊಳ್ಳುವವರಲ್ಲಿ ಒಮ್ಮತವಿರಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಹಿಂದಿನ ತಿಂಗಳು ಇದೇ ಅಧ್ವಾನದಲ್ಲಿ ಬಟ್ಟೆಯ ಕಪಾಟಿನ ಹಾಳೆಯಲ್ಲಿ ಎಂಟನೆಯ ಹಂತ, ಒಂಬತ್ತನೆಯ ಹಂತ ಅದಲು ಬದಲಾಗಿ, ಹೇಳಿದ ಮಾತು ಮೀರದ ಗ್ರಾಹಕರೊಬ್ಬರು ಮೊದಲು ಬಾಗಿಲು ಕೂಡಿಸಿ, ಆಮೇಲೆ 'ಒಳಗೆ ನಿಂತು ಹಿಂಬದಿಯ ಹಲಗೆ ಬಿಗಿ ಮಾಡಿ' ಎಂಬುದನ್ನು ಪಾಲಿಸಿದ್ದರು. ಹಿಡಿಕೆ ಹೊರಗೆ, ಮನುಷ್ಯ ಒಳಗೆ. ಅವರು ಕಪಾಟಿನೊಳಗಿಂದಲೇ ಕಂಪನಿಗೆ ಫೋನ್ ಮಾಡಿದರು. ಫೋನ್ ಎತ್ತಿದವರು ಮಾಲೀಕರು.

ನಾನು ನೋಡುತ್ತಿದ್ದಂತೆ ಜೋಡಿಸುವವನು, ಮಂಚ ಒಂದು ಕಡೆ ವಾಲಿದೆ, ತಾನು ಕೆಳಗಿದ್ದೇನೆ, ಬೇಗ ಹೇಳಿ ಎಂದು ಬರೆದ. ಮಿಕ್ಕ ಇಬ್ಬರು ಮೇಲ್ ದೊಡ್ಡದೋ ಫೋನ್ ದೊಡ್ಡದೋ ಎಂದು ಚರ್ಚೆ ಮುಂದುವರಿಸಿದರು. ನನ್ನ ಕೈ ಮೌಸಿನಿಂದ ಕೀಬೋರ್ಡಿಗೆ ಹೋಯಿತು. ಒಂದೇ ಬೆರಳಿನಲ್ಲಿ, ಸೊಸೆಯ ಹೆಸರಿನ ಪಕ್ಕ, ಟೈಪ್ ಮಾಡಿದೆ: "ಎಲ್ಲರೂ ಮಾತು ನಿಲ್ಲಿಸಿ. ಮೊದಲು ಹಾಜರಿ."

ಮೇಲ್, ಫೋನಿನ ಜಗಳ ಅಲ್ಲಿಗೇ ನಿಂತಿತು. ಆಮೇಲೆ ಅಳತೆಯವಳು "ಹಾಜರ್" ಎಂದಳು. ಚಿತ್ರದವನು "ಎಸ್ ಮಿಸ್" ಎಂದ. ಜೋಡಿಸುವವನು ಮಂಚದಡಿಯಿಂದ ಹೊರಬರುವಷ್ಟರಲ್ಲಿ ತಡವಾಗಿತ್ತು. ತಡವಾಗಿ ಬಂದವರು ನಿಂತುಕೊಳ್ಳಬೇಕು ಎಂದು ಬರೆದೆ. ಅದು ನನ್ನ ತರಗತಿಯ ನಿಯಮ. "ನಿಂತಿದ್ದೀನಿ. ಎಷ್ಟು ಹೊತ್ತು ಮೇಡಂ?" ಎಂದು ಬಂತು. ಆ ಕ್ಷಣಕ್ಕೆ ನನ್ನ ಮಂಡಿನೋವು ಹೋಯಿತು ಎಂದರೆ ನಂಬಬೇಕು.

ಆಮೇಲೆ ಆ ಸಾಫ್ಟ್‌ವೇರನ್ನು ಗಮನವಿಟ್ಟು ನೋಡಿದೆ. ಪಾಪ, ಅದರ ತಪ್ಪೇನೂ ಇರಲಿಲ್ಲ. ಅದರಲ್ಲಿ ಒಂದು ಬೋರ್ಡು ಇತ್ತು: ಮಾಡಬೇಕಾದ್ದು, ಮಾಡುತ್ತಿರುವುದು, ಮುಗಿದದ್ದು ಎಂದು ಮೂರು ಸಾಲು. ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ. ಚೀಟಿಯೊಳಗೆ ಚಿತ್ರ, ಅಳತೆ, ಬರಹ ಎಲ್ಲವನ್ನೂ ಇಡಬಹುದು. ಚಿತ್ರದ ಒಂದು ಸ್ಕ್ರೂವಿನ ಮೇಲೆ ಬೆರಳಿಟ್ಟು ಇಲ್ಲಿ ತಪ್ಪಿದೆ ಎಂದು ಬರೆದರೆ, ಇನ್ನೆಲ್ಲೋ ಇರುವವನಿಗೆ ಆ ಸ್ಕ್ರೂವೇ ಕೆಂಪಾಗಿ ಕಾಣುತ್ತದೆ. ನನಗೆ ಹಿಂದಿನ ಬೆಂಚಿಗೆ ಕೇಳಿಸಲು ಗಂಟಲು ಹರಿದುಕೊಳ್ಳಬೇಕಿತ್ತು. ಇದರಲ್ಲಿ ಹಿಂದಿನ ಬೆಂಚೇ ಇಲ್ಲ. ಇಂಥದ್ದನ್ನು ಕೈಯಲ್ಲಿಟ್ಟುಕೊಂಡು ಇವರು ಒಬ್ಬರು ಮೇಲಿನಲ್ಲಿ, ಒಬ್ಬರು ಫೋನಿನಲ್ಲಿ, ಒಬ್ಬರು ಮಂಚದಡಿಯಲ್ಲಿ ಕೂತಿದ್ದರು. ನನಗೆ ಅವರ ಮೇಲೆ ಬಂದ ಸಿಟ್ಟಿಗೆ ಮಿತಿಯಿರಲಿಲ್ಲ.

ಮರುದಿನದಿಂದ ಹನ್ನೊಂದಕ್ಕೆ ಸರಿಯಾಗಿ ಹಾಜರಿ. ಬೋರ್ಡಿನ ಮೇಲೆ ಬರೆಯದ್ದು ಹೇಳಿದ ಲೆಕ್ಕಕ್ಕಿಲ್ಲ ಎಂದು ನಿಯಮ ಮಾಡಿದೆ. ತರಗತಿಯಲ್ಲಿ ಲೆಕ್ಕ ಮಾಡಿಸಿದ ಮೇಲೆ ಪಕ್ಕದವರ ಪಾಟಿ ಬದಲಾಯಿಸಿ ತಿದ್ದಿಸುತ್ತಿದ್ದೆ. ತನ್ನ ತಪ್ಪು ಕಾಣದ ಮಗುವಿಗೂ ಪಕ್ಕದವನ ತಪ್ಪು ಥಟ್ಟನೆ ಕಾಣುತ್ತದೆ. ಅದನ್ನೇ ಇಲ್ಲಿ ತಂದೆ. ಚಿತ್ರವನ್ನು ಅಳತೆಯವಳು ತಿದ್ದಬೇಕು, ಅಳತೆಯನ್ನು ಜೋಡಿಸುವವನು ತಿದ್ದಬೇಕು, ಅವನು ಜೋಡಿಸಿ ನೋಡಿ ಬರೆದದ್ದನ್ನು ಚಿತ್ರದವನು ತಿದ್ದಬೇಕು, ಮೂವರೂ ತಿದ್ದದೆ ಚೀಟಿ 'ಮುಗಿದದ್ದು' ಸಾಲಿಗೆ ಹೋಗಕೂಡದು. ಮಂಚ ನಾಲ್ಕೇ ದಿನದಲ್ಲಿ ಐದು ಕಾಲಿನ ಮೇಲೆ ನಿಂತಿತು.

ಎರಡನೆಯ ವಾರಕ್ಕೆ ಅವರು ಪೂರ್ತಿ ಮಕ್ಕಳಾದರು. ಚಿತ್ರದವನು "ಮಿಸ್, ಒಂದಕ್ಕೆ ಹೋಗ್ಬರ್ಲಾ" ಎಂದು ಬರೆದು, ಒಪ್ಪಿಗೆ ಸಿಗುವವರೆಗೆ ಕಾಯುತ್ತಿದ್ದ. ಅಳತೆಯವಳು ಅವನ ಮೇಲೆ ಚಾಡಿ ಹೇಳತೊಡಗಿದಳು. ಜೋಡಿಸುವವನು 'ನನಗೆ ತಲೆನೋವು ಇರುವುದರಿಂದ ಈ ದಿನ ಮಧ್ಯಾಹ್ನ ರಜೆ ಕೊಡಬೇಕಾಗಿ ವಿನಂತಿ, ಇಂತಿ ತಮ್ಮ ವಿಧೇಯ' ಎಂದು ರಜಾಚೀಟಿ ಕಳಿಸಿದ. ಮೂರನೆಯ ವಾರದಲ್ಲಿ ಮ್ಯಾನೇಜರೂ "ಹಾಜರ್" ಎಂದರು. ಅವರನ್ನು ಯಾರೂ ಕರೆದಿರಲಿಲ್ಲ.

ಹನ್ನೆರಡೂ ಇಪ್ಪತ್ತೈದಕ್ಕೆ ನಾನು ಬರೆದದ್ದನ್ನೆಲ್ಲ ಅಳಿಸಿಬಿಡುತ್ತಿದ್ದೆ, ಬೋರ್ಡು ಒರೆಸಿ ಹೋಗುವುದು ನನಗೆ ಅಭ್ಯಾಸ. ಆದರೆ ಅವರು ಬರೆದದ್ದು ಉಳಿಯುತ್ತಿತ್ತು. ಚಿತ್ರದವನು ತನಗೆ ಯಾಕೆ ಒಂದಕ್ಕೆ ಹೋಗುವ ಸಮಾಚಾರ ತಿಳಿಸುತ್ತಾನೆ ಎಂದು ಸೊಸೆ ಒಂದು ದಿನ ನನ್ನನ್ನೇ ಕೇಳಿದಳು. ಈಗಿನ ಕಾಲದವರು, ಏನನ್ನೂ ಮುಚ್ಚಿಡುವುದಿಲ್ಲ ಎಂದೆ. ತಂಡ ಇದ್ದಕ್ಕಿದ್ದಂತೆ ಸರಿಹೋಗಿದೆ ಎಂದು ಅವಳು ಹಿಗ್ಗುತ್ತಿದ್ದಳು. ಮಧ್ಯಾಹ್ನ ಬಂದು, ಚೊಕ್ಕವಾಗಿ ಕಾದಿರುವ ಚೀಟಿಗಳನ್ನು ಒಂದೊಂದಾಗಿ ತೆಗೆದು, ಸಂಜೆಯವರೆಗೆ ತಲೆ ಎತ್ತದೆ ಬರೆಯುತ್ತಿದ್ದಳು. ಎಲ್ಲ ನನ್ನ ಪ್ರತಾಪ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಐದನೆಯ ವಾರ ಒಂದು ದಿನ ಫಿಸಿಯೋಥೆರಪಿಯವರೇ ರಜೆ ಹಾಕಿದ್ದರು. ಸೊಸೆ ಹನ್ನೊಂದೂ ಇಪ್ಪತ್ತಕ್ಕೇ ಮನೆಗೆ ಬಂದಳು. ಜೋಡಿಸುವವನಿಗೆ 'ಅಳತೆಪಟ್ಟಿ ಇಲ್ಲದೆ ತರಗತಿಗೆ ಬರುವುದಿಲ್ಲ' ಎಂದು ಹತ್ತು ಸಲ ಬರೆಯಲು ಹೇಳಿದ್ದೆ. ಅವನು ಏಳನೆಯದನ್ನು ಬರೆಯುತ್ತಿದ್ದ. ನನ್ನ ಬೆನ್ನ ಹಿಂದೆ ಅವಳು ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ.

"ಕೈ ಆಡ್ಸಿ ಅಂದ್ರೆ ಬಾಯಿ ಆಡ್ಸಿದ್ದೀರಲ್ಲ ಅತ್ತೆ," ಎಂದಳು.

ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವಳು ನನಗೆ ಆಡಿದ ಅತ್ಯಂತ ಬಿರುಸಾದ ಮಾತು ಅದು. ನಾನು ಕುರ್ಚಿಯಿಂದ ಎದ್ದೆ. ತಪ್ಪಾಯಿತು ಎನ್ನಬೇಕಿತ್ತು, ಇವರು ಮಂಚಕ್ಕೆ ಮೂರು ಕಾಲು ಹಾಕುವವರಿದ್ದರು ಎಂದೆ. ಅವಳು ಏನಾದರೂ ಹೇಳುವ ಮೊದಲೇ ಮ್ಯಾನೇಜರಿಂದ ಸಂದೇಶ ಬಂತು. ಒಂದು ತಿಂಗಳಿಂದ ಒಂದು ಹಾಳೆಯೂ ತಪ್ಪಿಲ್ಲ. ಮಾಲೀಕರಿಗೆ ತುಂಬ ಸಂತೋಷವಾಗಿದೆ. ಗುರುವಾರ ಹನ್ನೊಂದು ಗಂಟೆಗೆ ವಿಡಿಯೋದಲ್ಲಿ ಬಂದು ನಿಮ್ಮ 'ಹನ್ನೊಂದು ಗಂಟೆಯ ವಿಧಾನ'ವನ್ನು ಕಣ್ಣಾರೆ ನೋಡಿ, ಮುಖ್ಯಸ್ಥರು ಯಾರೆಂದು ಅಂದೇ ಹೇಳುತ್ತಾರೆ. ಸೊಸೆ ಅದನ್ನು ಎರಡು ಸಲ ಓದಿ, ನಾನು ಬಿಟ್ಟ ಕುರ್ಚಿಯಲ್ಲಿ ಕುಸಿದಳು. ಏಳು ವರ್ಷ ಕಾದ ಹೊಗಳಿಕೆ ಅವಳ ಹೆಸರಿಗೆ ಬಂದಿತ್ತು, ಒಳಗಿನ ದನಿ ಮಾತ್ರ ನನ್ನದಾಗಿತ್ತು.

ಬುಧವಾರ ಸಂಜೆ ಅವಳಿಗೆ ಗದರುವುದನ್ನು ಕಲಿಸಲು ಕೂತೆ. ತನ್ನ ಕನ್ನಡಕದ ಅಂಗಡಿ ಮುಚ್ಚಿ ಆಗಷ್ಟೇ ಬಂದಿದ್ದ ಮಗನನ್ನು ವಿದ್ಯಾರ್ಥಿಯಾಗಿ ಮುಂದೆ ಕೂರಿಸಿದೆ. ಅವನು ಬಾಲ್ಯದಿಂದ ಪಳಗಿದವನು, ಹೇಳದೆಯೇ ಕೈ ಕಟ್ಟಿದ. "ಯಾಕೆ ತಡ" ಎಂದು ಎರಡೇ ಮಾತಿನಲ್ಲಿ ಬಿಗಿಯಾಗಿ ಕೇಳು ಎಂದರೆ, ಅವಳು, ತಪ್ಪು ತಿಳ್ಕೋಬೇಡಿ, ದಾರಿಯಲ್ಲಿ ತೊಂದರೆ ಆಗಿರಬಹುದು, ಆದರೂ ಸಾಧ್ಯವಾದರೆ ಸ್ವಲ್ಪ ಬೇಗ ಬಂದರೆ, ಬರದಿದ್ದರೂ ಪರವಾಗಿಲ್ಲ ಎಂದಳು. ಹುಬ್ಬು ಗಂಟಿಕ್ಕು ಎಂದರೆ ಅಳು ಬಂದವರ ಹಾಗೆ ಕಂಡಳು. ಮಗ ಪಾಪ, ತನಗೆ ತುಂಬ ಹೆದರಿಕೆಯಾಯಿತು ಎಂದು ಅವಳನ್ನು ಸಮಾಧಾನ ಮಾಡಿದ. ಒಂದೂವರೆ ಗಂಟೆಯ ಮೇಲೆ ನನಗೇ ಸಾಕಾಯಿತು. ನಾಳೆ ಏನೇ ಆದರೂ ಬಾಯಿ ಬಿಡುವುದಿಲ್ಲ ಎಂದು ಅವಳು ನನ್ನಿಂದ ಮಾತು ತೆಗೆದುಕೊಂಡಳು.

ಗುರುವಾರ ಸೊಸೆ ಚಿಕಿತ್ಸೆಗೆ ಹೋಗಲಿಲ್ಲ. ನಾನು ಕ್ಯಾಮೆರಾಕ್ಕೆ ಕಾಣದ ಹಾಗೆ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತೆ. ಅಲ್ಲಿಂದ ಪರದೆ ಕಾಣುತ್ತಿತ್ತು. ನನ್ನ ಮಕ್ಕಳ ಮುಖವನ್ನು ಮೊದಲ ಸಲ ನೋಡಿದೆ. ಚಿತ್ರದವನು ಹುಡುಗ ಎಂದುಕೊಂಡಿದ್ದೆ. ಐವತ್ತು ದಾಟಿದ ಬೋಳುತಲೆಯವನು. ಅಳತೆಯವಳ ಮುಖ ಚಾಡಿ ಹೇಳುವವರದ್ದೇ. ಜೋಡಿಸುವವನು ಶೆಡ್ಡಿನ ಬಾಗಿಲಿನಷ್ಟೇ ಅಗಲ, ಮೀಸೆ ಬೇರೆ. ಇಷ್ಟು ದೊಡ್ಡ ದೇಹವನ್ನು ನಿಲ್ಲಿಸಿದ್ದೆನಲ್ಲ ಎಂದು ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು. ಮೂಲೆಯ ಚೌಕದಲ್ಲಿ ಮಾಲೀಕರು, ಬಿಳಿ ತಲೆಯ ಸಣಕಲು ಮನುಷ್ಯ, ಏನೂ ಮಾತಾಡದೆ ನೋಡುತ್ತಿದ್ದರು.

ಸೊಸೆ ಹಾಜರಿ ಶುರುಮಾಡಿದಳು. "ದಯವಿಟ್ಟು, ತಪ್ಪು ತಿಳ್ಕೋಬೇಡಿ, ಎಲ್ಲರೂ ಇದ್ದೀರಾ" ಎಂದಳು. ಮೂವರೂ ಪರದೆಗೆ ಮುಖ ಹತ್ತಿರ ತಂದರು. ಇದು ಯಾವ ಮಿಸ್ ಎಂಬ ಗೊಂದಲ ಅವರ ಕಣ್ಣಲ್ಲೇ ಇತ್ತು.

ಅಂದಿನ ಕೆಲಸ ಪುಸ್ತಕದ ಕಪಾಟು. ಜೋಡಿಸುವವನು ಹಾಳೆ ಓದಿಕೊಂಡು ಎಲ್ಲರೆದುರು ಜೋಡಿಸಬೇಕು. ಐದು ಹಂತ ಸರಾಗವಾಗಿ ಸಾಗಿತು. ಆರನೆಯದರಲ್ಲಿ ಕಪಾಟು ಎತ್ತಿ ನಿಲ್ಲಿಸಿದರೆ ಎಡಕ್ಕೆ ವಾಲಿತು. ಅವನು ಒಂದು ಕೈಯಲ್ಲಿ ಅದನ್ನು ತಡೆದುಕೊಂಡು ಚಿತ್ರ ತಪ್ಪು ಎಂದ. ಚಿತ್ರದವನು ಅಳತೆ ತಪ್ಪು ಎಂದ. ಅಳತೆಯವಳು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಿನ್ನ ಶೆಡ್ಡಿನ ನೆಲವೇ ಸರಿಯಿಲ್ಲ ಎಂದಳು. ಒಬ್ಬೊಬ್ಬರಾಗಿ ಎನ್ನಲು ಹೋದ ಮ್ಯಾನೇಜರ ದನಿ ಕತ್ತರಿಸಿ ಹೋಗಿ, ಬರೀ ಬಾಯಿ ಆಡುವುದು ಕಾಣಿಸಿತು. ಐದು ವಾರ ಕಟ್ಟಿದ್ದು ಐದು ನಿಮಿಷದಲ್ಲಿ ಸಂತೆಯಾಯಿತು. ಸೊಸೆ "ದಯವಿಟ್ಟು" ಎನ್ನುತ್ತಲೇ ಇದ್ದಳು. ಅದು ಯಾರಿಗೂ ಕೇಳಿಸುತ್ತಿರಲಿಲ್ಲ. ಮಾಲೀಕರು ಗಡಿಯಾರ ನೋಡಿದರು.

ಕೊಟ್ಟ ಮಾತು ಎಲ್ಲಿ ಹೋಯಿತೋ ತಿಳಿಯದು.

"ಕೈ ಕಟ್ಟಿ, ಬಾಯ್ ಮುಚ್ಚಿ," ಎಂದೆ.

ಸ್ಟೂಲಿನ ಮೇಲಿಂದ, ಎತ್ತರಿಸದ ದನಿಯಲ್ಲಿ, ಮೂವತ್ತೊಂದು ವರ್ಷ ಹೇಳಿದ ಹಾಗೆ ಹೇಳಿದೆ. ಚಿತ್ರದವನು ಕೈ ಕಟ್ಟಿದ. ಅಳತೆಯವಳು ಕೈ ಕಟ್ಟಿದಳು. ದನಿಯಿಲ್ಲದ ಮ್ಯಾನೇಜರು ಬಾಯಿಯ ಮೇಲೆ ಬೆರಳೂ ಇಟ್ಟುಕೊಂಡರು. ಮೂಲೆಯ ಚೌಕದಲ್ಲಿ ಮಾಲೀಕರು ಕೈ ಕಟ್ಟಿ ನೆಟ್ಟಗೆ ಕೂತರು. ಜೋಡಿಸುವವನೂ ಕೈ ಕಟ್ಟಿದ್ದರಿಂದ ಕಪಾಟು ನಿಧಾನವಾಗಿ ಪಕ್ಕಕ್ಕೆ ಮಲಗಿ ದಡಾರ್ ಎಂದಿತು. ಅವನು ತಿರುಗಿಯೂ ನೋಡಲಿಲ್ಲ.

ಮಾಲೀಕರು, ಕಟ್ಟಿದ ಕೈ ಬಿಡದೆ, ಮಾತಾಡಿದವರು ಯಾರು ಎಂದು ಕೇಳಿದರು.

ಟಿವಿ ಎಂದಿದ್ದರೆ ಮುಗಿಯುತ್ತಿತ್ತು. ಟಿವಿ ಎನ್ನು ಎಂದು ನಾನು ಕೈಸನ್ನೆ ಮಾಡಿದೆ, ಗಾಳಿಯಲ್ಲಿ ಚೌಕ ಬರೆದು ತೋರಿಸಿದೆ. ಸೊಸೆ ನನ್ನನ್ನೊಮ್ಮೆ ನೋಡಿ, ಕಂಪ್ಯೂಟರನ್ನೇ ನನ್ನ ಕಡೆಗೆ ತಿರುಗಿಸಿಬಿಟ್ಟಳು. ಚೌಕ ಬರೆಯುತ್ತಿದ್ದ ಕೈ ಹಾಗೇ ಗಾಳಿಯಲ್ಲಿ ನಿಂತಿತು.

"ಇವರು ನಮ್ಮತ್ತೆ," ಎಂದಳು. "ಹನ್ನೊಂದರಿಂದ ಹನ್ನೆರಡೂವರೆ ತನಕ ನಾನಿರೋದಿಲ್ಲ, ಭುಜಕ್ಕೆ ಚಿಕಿತ್ಸೆಗೆ ಹೋಗ್ತೀನಿ. ಐದು ವಾರದಿಂದ ನಿಮ್ಮನ್ನ ಬೈದಿದ್ದೆಲ್ಲ ಇವರೇ. ನನಗೆ ಬೈಯೋಕೆ ಬರಲ್ಲ. ಬರೆಯೋಕೆ ಬರುತ್ತೆ."

ಈ ಮಾತಿಗೆ ಮುಂಚೆ ತಪ್ಪು ತಿಳ್ಕೋಬೇಡಿ ಇರಲಿಲ್ಲ, ಆಮೇಲೆ ಪರವಾಗಿಲ್ಲ ಬಿಡಿಯೂ ಇರಲಿಲ್ಲ. ಅವಳ ಕೆಲಸಕ್ಕೆ ನಾನೇ ಕಲ್ಲು ಹಾಕಿದೆನಲ್ಲ ಎಂದುಕೊಂಡೆ. ಅವಳು ಕಂಪ್ಯೂಟರನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಕಪಾಟಿನ ಹಿಂಬದಿ ತೋರಿಸಿ ಎಂದು ಜೋಡಿಸುವವನಿಗೆ ಹೇಳಿದಳು. ಅವನು ತೋರಿಸಿದ. ಎರಡು ಕ್ಷಣ ನೋಡಿದಳು. ಚಿತ್ರವೂ ಸರಿ, ಅಳತೆಯೂ ಸರಿ, ತಪ್ಪು ತನ್ನ ವಾಕ್ಯದಲ್ಲಿದೆ ಎಂದಳು. ಆರನೆಯ ಹಂತದಲ್ಲಿ ಕಪಾಟನ್ನು ಬೋರಲು ಹಾಕಬೇಕು. ಹಾಕಿದೊಡನೆ ಜೋಡಿಸುವವರಿಗೆ ಎಡ ಬಲ ಅದಲು ಬದಲಾಗುತ್ತದೆ. 'ಎಡದ ಕೋಲು' ಎಂದು ಬರೆದರೆ ಯಾವ ಎಡ.

ಎಲ್ಲರಿಗೂ ಕಾಣುತ್ತಿದ್ದ ಆ ಒಂದೇ ಹಾಳೆಯಲ್ಲಿ ಅವಳು ಬರೆಯತೊಡಗಿದಳು. 'ಬೋರಲು ಹಾಕುವ ಮೊದಲು ಉದ್ದದ ಕೋಲಿಗೆ ಪೆನ್ಸಿಲಿನಿಂದ ಒಂದು ಗುರುತು ಮಾಡಿ. ಇನ್ನು ಎಡ ಬಲ ಮರೆತುಬಿಡಿ, ಗುರುತನ್ನು ಮಾತ್ರ ನೋಡಿ.' ಅಕ್ಷರಗಳು ಒಂದೊಂದಾಗಿ ಮೂಡುತ್ತಿದ್ದ ಹಾಗೆಯೇ ಪಕ್ಕದ ಚಿತ್ರದಲ್ಲಿ ಕೋಲಿನ ಮೇಲೆ ಸಣ್ಣದೊಂದು ಗುರುತು ಬಿತ್ತು, ಅದು ಚಿತ್ರದವನ ಕೈ. ಗುರುತಿನ ಪಕ್ಕ ಅಂಚಿನಿಂದ ಎಷ್ಟು ದೂರ ಎಂಬ ಅಂಕಿ ಬಂದು ಕೂತಿತು, ಅದು ಅಳತೆಯವಳದು. ಜೋಡಿಸುವವನು ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದ. ಮೂರು ಊರಲ್ಲಿ ಕೂತವರು ಒಂದೇ ಹಾಳೆಯ ಮೇಲೆ ಕೈಯಿಟ್ಟಿದ್ದರು, ಒಬ್ಬರ ಕೈ ಇನ್ನೊಬ್ಬರಿಗೆ ತಾಗಲಿಲ್ಲ. ಹನ್ನೆರಡು ನಿಮಿಷ ಯಾರೂ ಒಂದು ಮಾತೂ ಆಡಲಿಲ್ಲ, ಯಾರೂ ಯಾರನ್ನೂ ಗದರಲಿಲ್ಲ. ಕಪಾಟು ನೆಟ್ಟಗೆ ನಿಂತಿತು.

ಆಗ ನನಗೆ ಹೊಳೆಯಿತು, ಸ್ವಲ್ಪ ಚುಚ್ಚಿತು ಕೂಡ. ಐದು ವಾರ ನಾನು ಪಾಠ ಮಾಡಿದೆ ಎಂದುಕೊಂಡಿದ್ದೆ. ನಾನು ಮಾಡಿದ್ದು ಗಂಟೆ ಹೊಡೆಯುವ ಕೆಲಸ. ಪಾಠ ದಿನಾ ಮಧ್ಯಾಹ್ನ ನಡೆಯುತ್ತಿತ್ತು, ನಾನು ಮಲಗಿರುತ್ತಿದ್ದ ಹೊತ್ತಿನಲ್ಲಿ.

ಮಾಲೀಕರು ಕೊನೆಗೂ ಕೈ ಬಿಟ್ಟರು. ಮ್ಯಾನೇಜರು ದನಿ ವಾಪಸು ಬಂದೊಡನೆ ಚುಕ್ಕೆಯ ವಿಚಾರ ಎತ್ತಿ, ಇದು ನಿಯಮಕ್ಕೆ ವಿರುದ್ಧ, ಐದು ವಾರದ ಹಸಿರು ಸುಳ್ಳು ಹಸಿರು ಎಂದರು. ಚುಕ್ಕೆ ಎಂದರೇನು ಎಂದು ಮಾಲೀಕರು ಕೇಳಿದರು. ಅವರ ಹೆಸರಿನ ಪಕ್ಕ ಅದು ಎರಡು ವರ್ಷದಿಂದ ಹಳದಿಯಾಗಿಯೇ ಇತ್ತಂತೆ. ಆ ಮಾತು ಅಲ್ಲಿಗೇ ನಿಂತಿತು.

ಆಮೇಲೆ ಅವರು ನನ್ನನ್ನು ಕರೆಯಲು ಹೇಳಿದರು. ಸೊಸೆ ಮತ್ತೆ ಕಂಪ್ಯೂಟರ್ ತಿರುಗಿಸಿದಳು. ಟೀಚರ್, ನೀವು ಐದು ವಾರ ಇವರನ್ನೆಲ್ಲ ನೋಡಿದ್ದೀರಿ, ಮುಖ್ಯಸ್ಥರ ಜಾಗಕ್ಕೆ ಯಾರಿಗೆ ಹೆಚ್ಚು ಅಂಕ ಕೊಡುತ್ತೀರಿ ಎಂದು ಕೇಳಿದರು. ಅವಳ ಏಳು ವರ್ಷ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೆಸರು ಹೇಳಿದರೆ ಮುಗಿಯುತ್ತಿತ್ತು. ಆದರೆ ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಮಾಡದ್ದನ್ನು ಈಗ ಮಾಡಲು ಮನಸ್ಸು ಬರಲಿಲ್ಲ.

"ಮನೆ ಮಗುವಿನ ಉತ್ತರಪತ್ರಿಕೆ ನಾನು ತಿದ್ದೋದಿಲ್ಲ ಸಾರ್," ಎಂದೆ. "ಮಗನದನ್ನೂ ತಿದ್ದಿಲ್ಲ, ಪಕ್ಕದ ಕೊಠಡಿಗೆ ಕಳಿಸ್ತಿದ್ದೆ. ಕ್ಲಾಸನ್ನೇ ಕೇಳಿ."

ಕ್ಲಾಸನ್ನೇ ಕೇಳಿದರು, ನನ್ನ ಸೊಸೆಯೇ ಆಗಲಿ ಎನ್ನುವವರು ಕೈ ಎತ್ತಿ ಎಂದು. ಚಿತ್ರದವನ ಕೈ ಮೊದಲು ಮೇಲೆ ಹೋಯಿತು. ಅಳತೆಯವಳು ತನ್ನದೇ ಮೊದಲು ಎಂದು ಎರಡೂ ಕೈ ಎತ್ತಿದಳು. ಜೋಡಿಸುವವನು ಕೈ ಎತ್ತುವ ಭರದಲ್ಲಿ ಕ್ಯಾಮೆರಾ ಉರುಳಿಸಿದ, ನಮಗೆ ಶೆಡ್ಡಿನ ಸೂರು ಮಾತ್ರ ಕಂಡಿತು. ಅಲ್ಲಿಂದಲೇ "ನಂದೂ ಇದೆ ಮಿಸ್" ಎಂದ. ಮ್ಯಾನೇಜರು ಮಾಲೀಕರ ಮುಖ ನೋಡಿಕೊಂಡು ಅರ್ಧ ಕೈ ಎತ್ತಿದರು. ಹಾಗಾದರೆ ಇವತ್ತಿನಿಂದಲೇ ಎಂದರು ಮಾಲೀಕರು. ಭುಜ ವಾಸಿಯಾಗುವವರೆಗೆ ಹನ್ನೊಂದು ಗಂಟೆಗೆ ಕೆಲಸ ಬೇಡ ಎಂದೂ ಸೇರಿಸಿದರು.

ಪರದೆ ಆರಿದ ಮೇಲೆ ಸೊಸೆ ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿದಳು. ನಾನು ಸ್ಟೂಲನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಮಾತು ತಪ್ಪಿದ್ದಕ್ಕೆ ಬೈಯುತ್ತಾಳೆ ಎಂದುಕೊಂಡೆ. ಬೈಯಲು ಬರುವುದಿಲ್ಲ ಎಂಬುದೂ ನೆನಪಾಯಿತು. ಹುದ್ದೆಯ ಮಾತು ಅವಳು ಎತ್ತಲೇ ಇಲ್ಲ.

"ಅತ್ತೆ, ಮನೆ ಮಗು ಅಂದ್ರಲ್ಲ," ಎಂದಳು.

ಹನ್ನೊಂದು ವರ್ಷ ನಾನು ಅವಳನ್ನು ಯಾರಿಗಾದರೂ ಪರಿಚಯ ಮಾಡಿಸುವಾಗ 'ನನ್ನ ಮಗನ ಹೆಂಡತಿ' ಎಂದೇ ಹೇಳಿದ್ದೆ. ಅದು ಅವಳಿಗೆ ಲೆಕ್ಕಕ್ಕಿತ್ತು ಎಂದು ನನಗೆ ಗೊತ್ತಿರಲಿಲ್ಲ. ಬಾಯಿ ತಪ್ಪಿ ಬಂತು ಎಂದುಬಿಟ್ಟೆ, ನನ್ನ ನಾಲಿಗೆಯ ಜಂಬ ಅಷ್ಟು.

"ತಿದ್ಕೋಬೇಡಿ ಮತ್ತೆ," ಎಂದಳು.

ಇಲ್ಲ ಎಂದೆ. ಅವಳು ಎದ್ದು ಬಂದು, ನೋಯದ ಕೈಯಿಂದ ನನ್ನ ಸ್ಟೂಲನ್ನು ತೆಗೆದುಕೊಂಡು, ತನ್ನ ಕುರ್ಚಿಯ ಪಕ್ಕಕ್ಕೆ ಹಾಕಿದಳು.